ವಸಂತದಲ್ಲಿ ಸಿಕ್ಕ ಬಾಸ್ ಮೀನು ಅಕ್ಟೋಬರಿನಲ್ಲಿ ಎಲ್ಲಿಗೆ ಹೋಯಿತು?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಎರಡು ವರ್ಷದಿಂದ ಅಮೆರಿಕದ ಉತ್ತರ ಕ್ಯಾರೊಲೈನಾದ ಕ್ಯಾರಿಯಲ್ಲಿದ್ದೇನೆ. ಚಿಕ್ಕಂದಿನಲ್ಲಿ ತುಂಗೆಯಲ್ಲಿ ಗಾಳ ಹಾಕುತ್ತಿದ್ದ ಹುಚ್ಚು ಇಲ್ಲಿ ಮತ್ತೆ ಶುರುವಾಗಿದೆ. ಹುಟ್ಟು ಹಾಕುವ ಒಂದು ಸಣ್ಣ ದೋಣಿ, ಕಯಾಕ್, ತೆಗೆದುಕೊಂಡಿದ್ದೇನೆ. ಏಪ್ರಿಲ್‌ನಲ್ಲಿ ಜಾರ್ಡನ್ ಕೆರೆಯ ಹಿನ್ನೀರಿನ ಒಂದು ಮೂಲೆಯಲ್ಲಿ ಒಳ್ಳೊಳ್ಳೆ ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡ ಬಾಯಿಯ ಬಾಸ್ ಮೀನು, ಸಿಕ್ಕವು. ಆ ಜಾಗ ಮನಸ್ಸಿಗೆ ಹಿಡಿಸಿಬಿಟ್ಟಿದೆ. ಸೆಪ್ಟೆಂಬರ್ ಕೊನೆಯಲ್ಲಿ ಎರಡು ಸಲ ಹೋದೆ. ಒಂದೂ ಕಚ್ಚಲಿಲ್ಲ. ಮೀನು ಆ ಜಾಗ ಬಿಟ್ಟುಹೋದವೇ? ಈ ತಿಂಗಳ ಕೊನೆಗೆ ಒಂದು ದಿನ ರಜೆ ಹಾಕಿ, ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಅಲ್ಲೇ ಇರಬೇಕು ಅಂತ ಆಸೆ. ಆ ದಿನವನ್ನು ಹೇಗೆ ಕಳೆಯಲಿ?

ಉತ್ತರ: ನಿಮ್ಮ ಜಾಗ ಕೆಟ್ಟಿಲ್ಲ. ಮೀನೂ ಊರು ಬಿಟ್ಟಿಲ್ಲ. ಏಪ್ರಿಲ್‌ನಲ್ಲಿ ಅವು ಆ ಮೂಲೆಗೆ ಬಂದಿದ್ದು ಮೊಟ್ಟೆ ಇಡಲಿಕ್ಕೆ. ಗಂಡು ಬಾಸ್ ಆಳವಿಲ್ಲದ ಕಡೆ ಬಾಲದಿಂದ ನೆಲ ಗುಡಿಸಿ ಗೂಡು ಮಾಡುತ್ತದೆ. ಮರಿ ಚದುರುವ ತನಕ ಕಾವಲು ಕಾಯುತ್ತದೆ. ನಮ್ಮ ಕಡೆ ಕೊರವ ಮೀನು ಮರಿ ಕಾಯುತ್ತದಲ್ಲ, ಹಾಗೇ. ಆಗ ಹತ್ತಿರ ಸುಳಿದದ್ದನ್ನೆಲ್ಲ ಕಚ್ಚುತ್ತದೆ. ಹಸಿವಿಗಲ್ಲ, ಸಿಟ್ಟಿಗೆ. ಈಗ ಗೂಡೂ ಇಲ್ಲ, ಕಾವಲೂ ಇಲ್ಲ. ಚಳಿ ಬರುವ ಮುಂಚೆ ಹೊಟ್ಟೆ ತುಂಬಿಸಿಕೊಳ್ಳಬೇಕು, ಅಷ್ಟೇ. ಆ ಹೊಟ್ಟೆಪಾಡು ಎಲ್ಲಿದೆಯೋ ಬಾಸ್ ಅಲ್ಲಿದೆ.

ಈ ಕೆರೆಯಲ್ಲಿ ಅದರ ಮುಖ್ಯ ಊಟ ಶ್ಯಾಡ್. ಬೆರಳುದ್ದದ, ಬೆಳ್ಳಿಯ ಹಾಗೆ ಹೊಳೆಯುವ ಮೀನು. ನಮ್ಮ ಕರಾವಳಿಯ ಬೂತಾಯಿಯ ದೂರದ ನೆಂಟ ಅನ್ನಬಹುದು. ಬೇಸಿಗೆಯಲ್ಲಿ ದೊಡ್ಡ ನೀರಿನ ನಡುವೆ ಮಂದೆ ಮಂದೆಯಾಗಿ ತಿರುಗುತ್ತಿರುತ್ತದೆ. ರಾತ್ರಿಗಳು ತಣ್ಣಗಾಗಿ ಮೇಲಿನ ನೀರು 70 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 21 ಸೆಲ್ಸಿಯಸ್‌ಗಿಂತ, ಕೆಳಗಿಳಿಯುತ್ತಿದ್ದಂತೆ ಶ್ಯಾಡ್ ಹಿನ್ನೀರಿನ ಹಳ್ಳಗಳ ಕಡೆ ಹೊರಡುತ್ತದೆ. ನೀವು ಮಲೆನಾಡಿನವರು, ಹತ್ತುಮೀನು ಗೊತ್ತಲ್ವಾ? ಮೊದಲ ಮಳೆಗೆ ಹೊಳೆಯ ಮೀನು ಹಳ್ಳ, ಗದ್ದೆ ಹತ್ತುವುದು. ಇಲ್ಲಿ ಮಳೆಯ ಬದಲು ತಂಪು, ಮೊಟ್ಟೆಯ ಬದಲು ಮೇವು. ಹತ್ತುವ ದಾರಿ ಮಾತ್ರ ಅದೇ ತರಹ. ಬಾಸ್ ಹಿಂದೆಯೇ ಹೋಗುತ್ತದೆ.

ಹಾಗಾದರೆ ಸೆಪ್ಟೆಂಬರಿನಲ್ಲಿ ಯಾಕೆ ಸಿಗಲಿಲ್ಲ? ಎರಡು ಕಾರಣ ಇರಬಹುದು. ಒಂದು, ಶ್ಯಾಡ್ ಇನ್ನೂ ಬಂದಿರಲಿಲ್ಲ. ಇನ್ನೊಂದು, ಕೆರೆ ಮಗುಚುವ ಸಮಯ. ಬೇಸಿಗೆಯಲ್ಲಿ ಬಿಸಿ ನೀರು ಮೇಲೆ, ತಣ್ಣೀರು ಕೆಳಗೆ ಪದರವಾಗಿ ನಿಂತಿರುತ್ತದೆ. ತಳದ ನೀರಿಗೆ ಗಾಳಿ ತಾಗುವುದಿಲ್ಲ. ಅಲ್ಲಿ ಆಮ್ಲಜನಕ ಖಾಲಿಯಾಗಿರುತ್ತದೆ. ಶರತ್ಕಾಲಕ್ಕೆ ಮೇಲಿನ ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿಯುತ್ತದೆ. ತಳದ ನೀರು ಮೇಲೆ ಬರುತ್ತದೆ. ಆ ಕೆಲವು ದಿನ ನೀರಿನ ಬಣ್ಣ ಮಂಕು, ಕೊಳೆತ ಎಲೆಯ ವಾಸನೆ, ಅಲ್ಲಲ್ಲಿ ನೊರೆ. ಮೀನು ಎಲ್ಲೆಲ್ಲೋ ಚದುರಿರುತ್ತದೆ, ಕಚ್ಚುವ ಉತ್ಸಾಹವೂ ಇರುವುದಿಲ್ಲ. ಇಂಥ ದಿನ ಆಳದ ಕಡೆ ಸುಮ್ನೆ ಸಮಯ ಹಾಳು ಮಾಡಬೇಡಿ. ಹಳ್ಳದ ತಲೆಯ ಕಡೆ ಹೋಗಿ. ಅಲ್ಲಿ ನೀರು ಮೊದಲಿನಿಂದಲೂ ತೆಳು. ಪದರವೇ ಆಗಿರುವುದಿಲ್ಲ, ಮಗುಚುವುದೂ ಇಲ್ಲ.

ಈಗ ನಿಮ್ಮ ಮೂಲೆಯ ವಿಷಯ. ಜಾರ್ಡನ್ ತಾನಾಗಿ ಹುಟ್ಟಿದ ಕೆರೆಯಲ್ಲ. 1945ರಲ್ಲಿ ಕೇಪ್ ಫಿಯರ್ ನದಿ ಉಕ್ಕಿ ಊರುಗಳಿಗೆ ನುಗ್ಗಿದ ಮೇಲೆ, ಪ್ರವಾಹ ತಡೆಯಲು ಸೇನೆಯ ಎಂಜಿನಿಯರ್ ದಳ ಹಾ (Haw) ಎಂಬ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಅದು. 1980ರ ದಶಕದ ಮೊದಲಲ್ಲಿ ತುಂಬಿತು. ಸುಮಾರು 14 ಸಾವಿರ ಎಕರೆ. ಕೆಳಗೆ ನ್ಯೂ ಹೋಪ್ ಕಣಿವೆಯ ಹೊಲ, ಹಳೆ ರಸ್ತೆ, ಹಳ್ಳದ ಪಾತ್ರ, ಕಡಿದ ಮರದ ಬೊಡ್ಡೆ ಎಲ್ಲ ಮುಳುಗಿವೆ. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ಬೊಡ್ಡೆಗಳು ಏಳುವುದನ್ನು ನೋಡಿರುತ್ತೀರಿ. ಇಲ್ಲಿಯೂ ಕೆಳಗೆ ಅದೇ ನೋಟ ಇದೆ ಅಂದುಕೊಂಡು ಹುಟ್ಟು ಹಾಕಿ. ನಿಮ್ಮ ಮೂಲೆಯಲ್ಲಿ ಮುಳುಗಿದ ಹಳೆ ಹಳ್ಳದ ಪಾತ್ರ ಎಲ್ಲಿ ತಿರುಗುತ್ತದೆ ಅಂತ ಮೊದಲು ಕಂಡುಹಿಡಿಯಿರಿ. ಫೋನಿನ ನಕ್ಷೆಯಲ್ಲಿ ಆಳದ ಗೆರೆಗಳು ಸಿಗುತ್ತವೆ. ಆ ಪಾತ್ರವೇ ಶ್ಯಾಡ್ ಹತ್ತುವ ದಾರಿ. ಪಾತ್ರ ದಡಕ್ಕೆ ಒತ್ತಿಕೊಂಡು ಬರುವ ಕಡೆ ಒಂದು ಬೊಡ್ಡೆಯೋ ಬಿದ್ದ ಮರವೋ ಇದ್ದರೆ, ಬಾಸ್ ಹೊಂಚು ಹಾಕುವುದು ಅಲ್ಲೇ. ಏಪ್ರಿಲ್‌ನಲ್ಲಿ ನೀವು ಎಸೆದ ಜಾಗದಿಂದ ಅದು ಬರೀ 30 ಅಡಿ ಆಚೆ ಇರಬಹುದು. ಬೇರೆ ಕೆರೆಗಳ ಬಗ್ಗೆ ಮಾತಾಡುವವರು ಮನೆಗಳ ಮುಂದಿನ ದೋಣಿಕಟ್ಟೆಯ ಕೆಳಗೆ ಎಸೆಯಿರಿ ಅನ್ನುತ್ತಾರೆ. ಜಾರ್ಡನ್‌ನ ದಡವೆಲ್ಲ ಸರ್ಕಾರದ್ದು, ಸ್ವಂತ ಕಟ್ಟೆಗಳಿಲ್ಲ. ಇಲ್ಲಿ ಮರವೇ ಗತಿ.

ದಿನ ಆರಿಸುವುದರಲ್ಲಿ ಅರ್ಧ ಕೆಲಸ ಇದೆ. ಚಳಿಗಾಳಿ ಬೀಸಿ ಹೋದ ಮಾರನೇ ದಿನ, ಆಕಾಶ ತೊಳೆದಿಟ್ಟ ಹಾಗೆ ನೀಲಿ ಇರುತ್ತದೆ. ನೋಡಲು ಚೆಂದ, ಮೀನಿಗೆ ಕೆಟ್ಟ ದಿನ. ಚಳಿಗಾಳಿ ಬರುವ ಹಿಂದಿನ ದಿನ ರಜೆ ಹಾಕಿ. ಮೋಡ, ತೇವದ ನೈಋತ್ಯ ಗಾಳಿ, ಈಗಲೋ ಆಗಲೋ ಮಳೆ ಅನ್ನುವಂಥ ಬೆಳಗು. ಗಾಳಿ ನಿಮ್ಮ ಹಳ್ಳದ ಒಳಕ್ಕೆ ಬೀಸುತ್ತಿದ್ದರೆ ಇನ್ನೂ ಒಳ್ಳೆಯದು, ಶ್ಯಾಡ್‌ನ ಮೇವನ್ನು ಅದೇ ತಳ್ಳಿಕೊಂಡು ಹೋಗುತ್ತದೆ. ಹಿಂದಿನ ರಾತ್ರಿ ಕೆರೆಯ ಮಟ್ಟ ನೋಡಿ. ಸಮುದ್ರ ಮಟ್ಟದಿಂದ 216 ಅಡಿ ಅದರ ಮಾಮೂಲಿ ಮಟ್ಟ. ಎರಡು ಮೂರು ಅಡಿ ಜಾಸ್ತಿ ಇದ್ದರೆ ದಡದ ಪೊದೆಗಳು ಮುಳುಗಿರುತ್ತವೆ. ಆಗ ಬಾಸ್ ಪೊದೆಯೊಳಗೇ ನುಗ್ಗಿರುತ್ತದೆ.

ಅಕ್ಟೋಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವುದು ಏಳೂವರೆ ಹೊತ್ತಿಗೆ. ನೀವು ಏಳಕ್ಕೇ ನೀರಿನ ಮೇಲಿರಬೇಕು. ಕತ್ತಲಿನಲ್ಲಿ ಕಯಾಕ್‌ನಲ್ಲಿ ಬಿಳಿ ಬೆಳಕಿನ ಟಾರ್ಚ್ ಇರುವುದು ಕಾನೂನು. ಮೋಟಾರ್ ಇಲ್ಲದ ಕಯಾಕ್‌ಗೆ ನೋಂದಣಿ ಬೇಡ, ಮೀನು ಹಿಡಿಯುವ ಲೈಸನ್ಸ್ ಬೇಕು. ಎಷ್ಟುದ್ದದ ಮೀನು ಇಟ್ಟುಕೊಳ್ಳಬಹುದು ಅನ್ನುವ ನಿಯಮ ಕೆರೆಯಿಂದ ಕೆರೆಗೆ ಬೇರೆ. ರಾಜ್ಯದ ವನ್ಯಜೀವಿ ಆಯೋಗದ ಪುಟದಲ್ಲಿ ಒಮ್ಮೆ ನೋಡಿಕೊಳ್ಳಿ.

ಜಾಗ ತಲುಪಿದ ಮೇಲೆ ಒಂದು ಕೆಲಸ ಮಾಡಿ. ಮೊದಲ ಇಪ್ಪತ್ತು ನಿಮಿಷ ಗಾಳದ ರಾಡ್ ಮುಟ್ಟಬೇಡಿ. ಇದು ಒಬ್ಬರೇ ಹೋದವರಿಗೆ ಮಾತ್ರ ಆಗುವ ಕೆಲಸ. ಜೊತೆಯಲ್ಲಿ ಯಾರಾದರೂ ಇದ್ದರೆ ಅವರು ಎಸೆಯಲು ಶುರು ಮಾಡುತ್ತಾರೆ, ನಿಮಗೂ ಕೈ ತಡೆಯುವುದಿಲ್ಲ. ಒಬ್ಬರೇ ಇದ್ದಾಗ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟು ಕೂತುಬಿಡಿ. ಕಯಾಕ್‌ನ ಅಡಿಗೆ ನೀರು ತಟ್ಟುವ ಸದ್ದು ಕೂಡ ನಿಲ್ಲಲಿ. ಬೆಳಕು ಹರಿಯುತ್ತಿದ್ದಂತೆ ಒಂದು ಕಡೆ ನೀರಿನ ಮೇಲೆ ಹನಿ ಮಳೆ ಬಿದ್ದ ಹಾಗೆ ಕಾಣುತ್ತದೆ. ಮಳೆ ಇಲ್ಲ. ಅದು ಶ್ಯಾಡ್ ಮಂದೆ ಮೂತಿ ತಾಗಿಸುತ್ತಿರುವುದು. ಸಣ್ಣ ಸಣ್ಣ ಉಂಗುರ, ಒಂದು ಚಾಪೆಯಷ್ಟಗಲ. ಅದನ್ನೇ ನೋಡುತ್ತಿರಿ. ಇದ್ದಕ್ಕಿದ್ದಂತೆ ಆ ಚಾಪೆಯ ಒಂದು ಅಂಚು ಸಿಡಿಯುತ್ತದೆ. ಹತ್ತಿಪ್ಪತ್ತು ಮರಿ ಒಟ್ಟಿಗೆ ನೀರಿನಿಂದ ಹಾರಿ, ಒಂದೇ ದಿಕ್ಕಿಗೆ ಬೀಳುತ್ತವೆ. ಒಮ್ಮೆ ನನ್ನ ಎದುರೇ ಎರಡು ಮರಿ ಹಾಗೆ ಹಾರಿ ದಡದ ಕೆಸರಿನ ಮೇಲೆ ಬಿದ್ದು ಪಟಪಟ ಅನ್ನುತ್ತಿದ್ದವು. ಅವುಗಳ ಹಿಂದೆ ನೀರಿನಲ್ಲಿ ಒಂದು ದಪ್ಪ ಬೆನ್ನು ತಿರುಗಿ ಮರೆಯಾಯಿತು. ಆ ಬೆನ್ನು ಯಾವ ಬೊಡ್ಡೆಯ ಪಕ್ಕದಿಂದ ಬಂತು, ಯಾವ ಕಡೆಗೆ ಹೋಯಿತು? ನಿಮ್ಮ ಇಡೀ ದಿನಕ್ಕೆ ಬೇಕಾದ ಉತ್ತರ ಅದರಲ್ಲೇ ಇದೆ.

ಹಕ್ಕಿಗಳನ್ನೂ ನೋಡಿ. ಈ ಹೊತ್ತಿಗೆ ಮೀನುಗಿಡುಗಗಳಲ್ಲಿ ಹೆಚ್ಚಿನವು ದಕ್ಷಿಣಕ್ಕೆ ಹೋಗಿರುತ್ತವೆ. ಬಿಳಿತಲೆಯ ಹದ್ದು ಮಾತ್ರ ಇಲ್ಲೇ ಇರುತ್ತದೆ. ಜಾರ್ಡನ್ ಅವಕ್ಕೆ ಹೆಸರಾದ ಕೆರೆ. ನನಗೆ ಅದಕ್ಕಿಂತ ನಂಬಿಕೆ ನೀಲಿ ಬಕದ ಮೇಲೆ. ಬಕ ಒಂದೇ ಕಡೆ ಅರ್ಧ ಗಂಟೆ ನಿಂತಿದ್ದರೆ ಅದರ ಕಾಲ ಬಳಿ ಮರಿಮೀನು ಇದೆ ಎಂದೇ ಅರ್ಥ. ಅದನ್ನು ಎಬ್ಬಿಸದೆ, ದೂರದಿಂದ ಎಸೆಯಿರಿ.

ಸಾಮಾನು ಜಾಸ್ತಿ ಹೊರಬೇಡಿ. ಮೂರು ಲ್ಯೂರ್, ಅಂದರೆ ಮೀನನ್ನು ಸೆಳೆಯುವ ಕೃತಕ ಎರೆ, ಸಾಕು. ಬೆಳಗಿನ ಮಬ್ಬಿಗೆ ನೀರಿನ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆಯಾಡಿಸುತ್ತ ಬರುವ ಉದ್ದನೆಯ ಟಾಪ್‌ವಾಟರ್ ಲ್ಯೂರ್. ಬಿಸಿಲು ಬಂದ ಮೇಲೆ ಹುಡುಕಲಿಕ್ಕೆ, ಒಳಗೆ ಗುಂಡು ಗಲಗುಟ್ಟುವ, ಮೀನಿನಾಕಾರದ ಲಿಪ್‌ಲೆಸ್ ಕ್ರ್ಯಾಂಕ್‌ಬೇಟ್. ನಡುಹಗಲಿಗೆ ಭಾರ ಕಟ್ಟದ ಮೆತ್ತನೆಯ ಪ್ಲಾಸ್ಟಿಕ್ ಹುಳ, ನಡುವಿಗೆ ಕೊಕ್ಕೆ ಚುಚ್ಚಿದ್ದು. ಗಾಳಿ ಎದ್ದು ನೀರು ಕದಡಿದರೆ ಬೇಕಾಗಬಹುದು ಅಂತ, ತಗಡು ತಿರುಗುವ ಬಿಳಿ ಸ್ಪಿನ್ನರ್‌ಬೇಟ್ ಒಂದು ಹೆಚ್ಚಿಗೆ ಇರಲಿ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಬೆಳ್ಳಿ ಅಥವಾ ಬಿಳಿ ಸಾಕು. ಅಳತೆ ಮಾತ್ರ ಸರಿಯಾಗಿರಲಿ. ಈಗಿನ ಶ್ಯಾಡ್ ಮರಿ ಎರಡು ಮೂರು ಇಂಚು. ನೀವು ಏಪ್ರಿಲ್‌ನಲ್ಲಿ ದೊಡ್ಡ ಲ್ಯೂರ್ ಎಸೆದಿದ್ದರೆ, ಈ ಮರಿಯ ಪಕ್ಕದಲ್ಲಿ ಅದು ಎಮ್ಮೆಯ ಹಾಗೆ ಕಾಣುತ್ತದೆ. ಸೆಪ್ಟೆಂಬರಿನಲ್ಲಿ ನೀವು ಅದನ್ನೇ ಎಸೆದಿದ್ದರೆ ಅದೂ ಒಂದು ಕಾರಣವೇ.

ಟಾಪ್‌ವಾಟರ್‌ಗೆ ಮೀನು ಬಿದ್ದಾಗ ನೀರು ಒಡೆಯುವುದು ಕಣ್ಣಿಗೆ ಕಾಣುತ್ತದೆ, ಕೈ ತಾನಾಗಿ ಎಳೆದುಬಿಡುತ್ತದೆ. ಹೊಸಬರಿಗೆ ಎಷ್ಟೋ ಮೀನು ಇಲ್ಲೇ ತಪ್ಪುತ್ತದೆ. ಸದ್ದಿಗೆ ಎಳೆಯಬೇಡಿ, ಭಾರಕ್ಕೆ ಎಳೆಯಿರಿ. ರಾಡ್‌ನ ತುದಿಯಲ್ಲಿ ತೂಕ ಗೊತ್ತಾಗುವ ತನಕ ಸುಮ್ಮನಿರುವುದು ಕಷ್ಟ, ಆದರೂ ಕಲಿಯಲೇಬೇಕು. ಇನ್ನೊಂದು ಸಣ್ಣ ವಿಷಯ. ಫ್ಲೋರೊಕಾರ್ಬನ್ ದಾರ ನೀರಿನಲ್ಲಿ ಮುಳುಗುತ್ತದೆ, ಟಾಪ್‌ವಾಟರ್‌ನ ಮೂಗನ್ನು ಕೆಳಗೆ ಎಳೆಯುತ್ತದೆ. ಅದಕ್ಕೆ ಹೆಣೆದ ದಾರದ ತುದಿಗೆ ಒಂದೆರಡು ಅಡಿ ಸಾದಾ ನೈಲಾನ್ ಕಟ್ಟಿ.

ಬೆಳಗಿನ ಆಟ ಒಂಬತ್ತೂವರೆ, ಹತ್ತರ ಹೊತ್ತಿಗೆ ನಿಲ್ಲಬಹುದು. ಆಗಲೇ ಜನ ಜಾಗ ಬಿಟ್ಟು ಹೊರಡುವುದು. ನೀವು ಹೊರಡಬೇಡಿ. ಶ್ಯಾಡ್ ಎಲ್ಲಿಗೆ ಸರಿಯಿತು ನೋಡಿ. ಸಾಮಾನ್ಯವಾಗಿ ಹಳ್ಳದ ಒಳಕ್ಕೆ ಇನ್ನೊಂದು ತಿರುವು ಹೋಗಿರುತ್ತದೆ, ಇಲ್ಲವೇ ಹಳೆ ಪಾತ್ರದ ಮೇಲೆ ಸ್ವಲ್ಪ ಕೆಳಗಿಳಿದಿರುತ್ತದೆ. ಕ್ರ್ಯಾಂಕ್‌ಬೇಟ್ ಎಸೆಯುತ್ತ ನಿಧಾನ ಒಳಗೆ ಹೋಗಿ. ಅದನ್ನು ಬೊಡ್ಡೆಗೆ ತಾಗಿಸಬೇಕು. ತಾಗಿ ತಪ್ಪಿಸಿಕೊಂಡ ಆ ಕ್ಷಣದಲ್ಲೇ ಮೀನು ಹಿಡಿಯುವುದು. ಸಿಕ್ಕಿಹಾಕಿಕೊಂಡು ಒಂದೆರಡು ಲ್ಯೂರ್ ಹೋಗುತ್ತದೆ, ಹೋಗಲಿ. ಒಂದು ಮೀನು ಸಿಕ್ಕರೆ ಅದೇ ಕಡೆಗೆ ಇನ್ನೂ ಹತ್ತು ಸಲ ಎಸೆಯಿರಿ. ಶರತ್ಕಾಲದಲ್ಲಿ ಬಾಸ್ ಗುಂಪಾಗಿ ಬೇಟೆಯಾಡುತ್ತದೆ.

ನಡುಹಗಲು ಊಟ ಮಾಡಿ. ಆಮೇಲೆ ಬಿದ್ದ ಮರದ ನೆರಳಿನ ಬದಿಗೆ ಪ್ಲಾಸ್ಟಿಕ್ ಹುಳ ಹಾಕಿ, ತಾನಾಗಿ ಇಳಿಯಲು ಬಿಡಿ. ಎಲೆ ಉದುರಿದ ಹಾಗೆ ಇಳಿಯಬೇಕು. ದಾರ ಪಕ್ಕಕ್ಕೆ ಸರಿದರೆ ಮೀನು ಬಾಯಿಗೆ ಹಾಕಿಕೊಂಡಿದೆ ಅಂತ. ಮೂರೂವರೆ ನಂತರ ಬಿಸಿಲು ದಡದ ನೀರನ್ನು ಒಂದೆರಡು ಡಿಗ್ರಿ ಕಾಯಿಸಿರುತ್ತದೆ, ಶ್ಯಾಡ್ ಮತ್ತೆ ಮೇಲೆ ಬರುತ್ತದೆ. ನನ್ನ ಅನುಭವದಲ್ಲಿ ಶರತ್ಕಾಲದ ದೊಡ್ಡ ಮೀನು ಬೆಳಗ್ಗೆಗಿಂತ ಈ ಹೊತ್ತಿಗೇ ಜಾಸ್ತಿ.

ಈಗ ಒಬ್ಬರೇ ಹೋಗುವುದರ ಕಷ್ಟದ ಮಾತು. ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಕೆಲವು ವರ್ಷದ ಹಿಂದೆ ನವೆಂಬರಿನಲ್ಲಿ ಒಂದಡಿಯ ಒಂದು ಬಾಸ್ ಹಿಡಿದೆ. ಕ್ರ್ಯಾಂಕ್‌ಬೇಟ್‌ನಲ್ಲಿ ಮೂರು ಮೊನೆಯ ಕೊಕ್ಕೆ ಎರಡಿರುತ್ತವೆ. ಮುಂದಿನದು ಮೀನಿನ ಬಾಯಲ್ಲಿತ್ತು. ಎತ್ತುವಾಗ ಅದು ಮೈ ಒದರಿತು, ಹಿಂದಿನ ಕೊಕ್ಕೆ ನನ್ನ ಎಡಗೈ ಹೆಬ್ಬೆರಳ ಬುಡಕ್ಕೆ ಹೊಕ್ಕಿತು. ಈಗ ನಾನೂ ಮೀನೂ ಒಂದೇ ಲ್ಯೂರ್‌ಗೆ ಸಿಕ್ಕಿಕೊಂಡಿದ್ದೆವು. ಅದು ಒದರಿದಾಗಲೆಲ್ಲ ಕೊಕ್ಕೆ ಇನ್ನಷ್ಟು ಒಳಕ್ಕೆ. ಇಕ್ಕಳ ಸೀಟಿನ ಹಿಂದಿನ ಡಬ್ಬದಲ್ಲಿ. ಮೀನನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದು, ಬಲಗೈ ಹಿಂದಕ್ಕೆ ತಿರುಚಿ ಡಬ್ಬ ತೆರೆಯುವಷ್ಟರಲ್ಲಿ ಬೆವರಿಳಿಯಿತು. ಆ ಚಳಿಯಲ್ಲಿ! ಮೀನನ್ನು ಬಿಡಿಸಿ ಬಿಟ್ಟೆ. ಲ್ಯೂರ್‌ನಿಂದ ಕೊಕ್ಕೆ ಕತ್ತರಿಸಿ, ಅದನ್ನು ಕೈಯಲ್ಲೇ ಇಟ್ಟುಕೊಂಡು ದಡಕ್ಕೆ ಬಂದು ಕ್ಲಿನಿಕ್‌ಗೆ ಹೋದೆ.

ಅವತ್ತಿನಿಂದ ಇಕ್ಕಳ ಮತ್ತು ಕೊಕ್ಕೆ ಕತ್ತರಿಸುವ ಕಟರ್ ನನ್ನ ಲೈಫ್ ಜಾಕೆಟ್‌ನ ಎದೆಯ ಮೇಲೆ ದಾರದಲ್ಲಿ ನೇತಾಡುತ್ತವೆ. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳು ಇರುತ್ತದಲ್ಲ, ಅದನ್ನು ಮನೆಯಲ್ಲೇ ಇಕ್ಕಳದಿಂದ ಅದುಮಿ ಮಟ್ಟ ಮಾಡಿಕೊಂಡು ಹೋಗುತ್ತೇನೆ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪುವುದು ಕಡಿಮೆ. ಕೈಗೆ ಹೊಕ್ಕರೂ ಬಂದ ದಾರಿಯಲ್ಲೇ ಹೊರಬರುತ್ತದೆ. ಮೀನಿಗೂ ಗಾಯ ಚಿಕ್ಕದು.

ಲೈಫ್ ಜಾಕೆಟ್ ಹಾಕಿಕೊಂಡೇ ಇರಿ. ಸೀಟಿನ ಕೆಳಗಿಟ್ಟರೆ ಕಾನೂನಿಗೆ ಸಾಕಾಗುತ್ತದೆ, ನಿಮಗೆ ಸಾಕಾಗುವುದಿಲ್ಲ. ತುಂಗೆಯಲ್ಲಿ ಈಜು ಕಲಿತವನು ಅನ್ನುವ ಧೈರ್ಯ ಇಲ್ಲಿ ಬೇಡ. ತಣ್ಣೀರಿಗೆ ದಿಢೀರ್ ಬಿದ್ದಾಗ ಮೊದಲು ಕೈಕೊಡುವುದು ಉಸಿರು. ಮೈ ತಾನಾಗಿ ಏದುಸಿರು ಎಳೆಯುತ್ತದೆ, ಆಗ ಬಾಯಿ ನೀರೊಳಗಿದ್ದರೆ ಈಜು ಗೊತ್ತಿದ್ದೂ ಪ್ರಯೋಜನವಿಲ್ಲ. ಫೋನ್ ನೀರು ಹೋಗದ ಚೀಲದಲ್ಲಿ, ಮೈಮೇಲೆ ಇರಲಿ. ದಡದಿಂದ ಹತ್ತಿಪ್ಪತ್ತು ಗಜದೊಳಗಿನ ನೀರಿನಲ್ಲಿ ಕಯಾಕ್ ಮಗುಚಿ ಮತ್ತೆ ಹತ್ತುವುದನ್ನು ಬೇಸಿಗೆಯಲ್ಲೇ ಅಭ್ಯಾಸ ಮಾಡಿರಬೇಕಿತ್ತು. ಮಾಡಿಲ್ಲ ಅಂದರೆ ಈ ಸಲ ಹಳ್ಳ ಬಿಟ್ಟು ದೊಡ್ಡ ನೀರಿಗೆ ಬರಲೇಬೇಡಿ. ಕೆರೆಯ ಸುತ್ತಲಿನ ಕಾಡಿನಲ್ಲಿ ಈಗ ಜಿಂಕೆ ಬೇಟೆಯ ಕಾಲ. ತಲೆಗೊಂದು ಕಿತ್ತಳೆ ಬಣ್ಣದ ಟೋಪಿ ಇರಲಿ.

ಸಿಕ್ಕ ಮೀನನ್ನು ಏನು ಮಾಡುವುದು ಅಂತ ನೀವು ಕೇಳಿಲ್ಲ. ನಾನು ಬಿಟ್ಟುಬಿಡುತ್ತೇನೆ. ಅಮೆರಿಕದ ಬಾಸ್ ಪಂದ್ಯಗಳನ್ನು ಬೆಳೆಸಿದ ಅಲಬಾಮಾದ ರೇ ಸ್ಕಾಟ್ 1972ರಲ್ಲಿ ಹಿಡಿದ ಮೀನನ್ನು ಕೊಲ್ಲಬೇಡಿ ಎಂಬ ಅಭಿಯಾನ ಶುರು ಮಾಡಿದರು. ಇವತ್ತು ಇಲ್ಲಿ ಬಾಸ್ ಬಿಡುವುದೇ ರೂಢಿ. ತಿನ್ನಬೇಕು ಅನ್ನಿಸಿದರೂ ಒಂದು ವಿಷಯ ತಿಳಿದಿರಲಿ: ಲಾರ್ಜ್‌ಮೌತ್‌ನಲ್ಲಿ ಪಾದರಸ ಸೇರಿರುವುದರಿಂದ ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಅದನ್ನು ತಿನ್ನಬಾರದು ಎಂದು ರಾಜ್ಯದ ಆರೋಗ್ಯ ಇಲಾಖೆ ಹೇಳುತ್ತದೆ. ಬಿಡುವುದಾದರೆ ಸರಿಯಾಗಿ ಬಿಡಿ. ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಒಣ ಕೈಗೆ ಅದರ ಮೈಯ ಲೋಳೆ ಕಿತ್ತುಬರುತ್ತದೆ. ಕೆಳದವಡೆಯನ್ನು ಹೆಬ್ಬೆರಳಲ್ಲಿ ಹಿಡಿದು, ಇನ್ನೊಂದು ಕೈ ಹೊಟ್ಟೆಯ ಕೆಳಗೆ ಕೊಡಿ. ದೊಡ್ಡ ಮೀನನ್ನು ಬರೀ ದವಡೆಯಲ್ಲಿ ಅಡ್ಡಕ್ಕೆ ಎತ್ತಿದರೆ ದವಡೆ ಹೋಗುತ್ತದೆ. ಒಬ್ಬರೇ ಇದ್ದಾಗ ಫೋಟೋ ತೆಗೆಯುವುದೇ ತಾಪತ್ರಯ. ಫೋನ್ ಸಿದ್ಧವಾಗುವ ತನಕ ಮೀನು ಬಲೆಯೊಳಗೆ ನೀರಿನಲ್ಲೇ ಇರಲಿ. ಎತ್ತುವಾಗ ನೀವೂ ಉಸಿರು ಹಿಡಿಯಿರಿ. ನಿಮಗೆ ಉಸಿರು ಬೇಕು ಅನ್ನಿಸಿದಾಗ ಅದಕ್ಕೂ ಬೇಕಾಗಿರುತ್ತದೆ.

ಸಂಜೆ ಆರೂವರೆಗೆ ಸ್ವಲ್ಪ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆರಕ್ಕೆ ಕಡೆಯ ಎಸೆತ ಅಂತ ಮೊದಲೇ ನಿಶ್ಚಯ ಮಾಡಿಕೊಂಡು, ಯಾವ ದಡದಿಂದ ಇಳಿಯುತ್ತೀರಿ, ಎಷ್ಟು ಗಂಟೆಗೆ ಹತ್ತುತ್ತೀರಿ ಎಂದು ಮನೆಯಲ್ಲಿ ಬರೆದಿಟ್ಟು ಹೋಗಿ. ರಜೆ ನವೆಂಬರಿಗೆ ಮುಂದೆ ಹೋದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿರುತ್ತದೆ, ಐದೂಕಾಲಿಗೇ ಸೂರ್ಯ ಮುಳುಗುತ್ತಾನೆ. ಅಷ್ಟರೊಳಗೆ ಕಯಾಕ್ ಕಾರಿನ ಮೇಲೆ ಕಟ್ಟಿ, ಮನೆಗೊಂದು ಫೋನ್ ಮಾಡಿ. ಆಮೇಲೆ ಕಾರಿನ ದೀಪದಲ್ಲಿ ಕೂತು, ನೀರು ಎಷ್ಟು ಡಿಗ್ರಿ ಇತ್ತು, ಶ್ಯಾಡ್ ಯಾವ ಹೊತ್ತಿಗೆ ಯಾವ ಬೊಡ್ಡೆಯ ಹತ್ತಿರ ಇತ್ತು ಎಂದು ಎರಡು ಸಾಲು ಬರೆದುಕೊಳ್ಳಿ. ಮುಂದಿನ ಅಕ್ಟೋಬರಿಗೆ ಬೇಕಾಗುತ್ತದೆ.